ಎರಡು ಎಕರೆ ಇಪ್ಪತ್ತು ಗುಂಟೆ: ನಮ್ಮ ನೆಲದ ಅಳತೆಗಳ ಕಥೆ

ಎರಡು ವರ್ಷದ ಹಿಂದಿನ ಮಾತು. ಕೊಳವೆಬಾವಿಗೆ ಮಾಡಿದ ಸಾಲ ತೀರಿಸಲು ನಮ್ಮ ಮೇಲುಹೊಲವನ್ನು ಮಾರುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಪಹಣಿಯಲ್ಲಿ ಅದರ ವಿಸ್ತೀರ್ಣ 2.20. ಬೆಂಗಳೂರಿನಲ್ಲಿದ್ದ ನಾನು ಆಸ್ತಿ ಮಾರಾಟದ ಒಂದು ಜಾಲತಾಣದಲ್ಲಿ ಜಾಹೀರಾತು ಹಾಕಿದೆ. ವಿಸ್ತೀರ್ಣ ಕೇಳಿದ ಕಡೆ 2.20 ಎಂದು ತುಂಬಿ, ಪಕ್ಕದಲ್ಲಿ 'ಎಕರೆ' ಎಂದು ಆರಿಸಿದೆ. ಅದನ್ನು ಚದರ ಅಡಿಗೆ ಪರಿವರ್ತಿಸಿದ ಜಾಲತಾಣ 95,832 ಚದರ ಅಡಿ ಎಂದು ತೋರಿಸಿತು. ಕೆಲಸ ಮುಗಿಯಿತೆಂದು ಸುಮ್ಮನಾದೆ.

ತಿಂಗಳೊಳಗೆ ಒಬ್ಬರು ಹೊಲ ನೋಡಲು ಬಂದರು. ನಮ್ಮ ಮನೆಯ ಜಗಲಿಯ ಮೇಲೆ ಕೂತು ಎಕರೆಗೆ ಇಷ್ಟು ಎಂದು ಮಾತು ಮುಗಿಸಿದೆವು. ನಾನು ಲ್ಯಾಪ್‌ಟಾಪ್ ತೆರೆದು ಎಕರೆಯ ದರವನ್ನು 2.20ರಿಂದ ಗುಣಿಸಿ ಒಟ್ಟು ಮೊತ್ತ ಓದಿ ಹೇಳಿದೆ. ಬಂದವರು ಒಪ್ಪಿದರು. ಕರಾರುಪತ್ರಕ್ಕೆ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಾಗ ಒಳಗಿನಿಂದ ಕಾಫಿ ತಂದ ಅವ್ವ ಲೋಟ ಇಡುತ್ತಾ ಕೇಳಿದಳು: "ಅಲ್ಲ ಮಗಾ, ಎರಡೂವರೆ ಎಕರೆಗೆ ಇಷ್ಟೇನಾ ಆಗೋದು? ನಿನ್ನ ಲೆಕ್ಕ ಯಾಕೋ ಕಮ್ಮಿ ಬಂದಂಗದೆ."

ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು ಅವ್ವ. ಅವಳಿಗೆ ತಿಳಿದದ್ದು ಇಂಜಿನಿಯರಿಂಗ್ ಓದಿದ ನನಗೆ ಹೊಳೆದಿರಲಿಲ್ಲ. ಪಹಣಿಯ 2.20 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ. ಎಕರೆಗೆ ಗುಂಟೆ ನಲವತ್ತಾದ್ದರಿಂದ ಇಪ್ಪತ್ತು ಗುಂಟೆ ಅಂದರೆ ಅರ್ಧ ಎಕರೆ. ಆ ಚುಕ್ಕಿ ದಶಮಾಂಶದ ಚುಕ್ಕಿಯಲ್ಲ, ಎಕರೆಯನ್ನೂ ಗುಂಟೆಯನ್ನೂ ಬೇರ್ಪಡಿಸುವ ಗುರುತು ಅಷ್ಟೆ. ನಮ್ಮ ಹೊಲ 1,08,900 ಚದರ ಅಡಿ ಇತ್ತು. ನಾನು ಮಾರಲು ಹೊರಟದ್ದು 95,832 ಚದರ ಅಡಿಯ ಬೆಲೆಗೆ. ವ್ಯತ್ಯಾಸ 13,068 ಚದರ ಅಡಿ, ಅಂದರೆ ಸರಿಯಾಗಿ ಹನ್ನೆರಡು ಗುಂಟೆ. ಬಂದವರು ಸಜ್ಜನರು. "ಅಮ್ಮಾವ್ರು ಹೇಳಿದ್ದೇ ಸರಿ, ಲೆಕ್ಕ ತಿದ್ದಿ" ಎಂದರು. ಆದರೆ ಅಂದು ಅವ್ವ ಅಡುಗೆಮನೆಯಲ್ಲೇ ಉಳಿದಿದ್ದರೆ ಹನ್ನೆರಡು ಗುಂಟೆ ನೆಲ ನಮ್ಮ ಕೈಯಿಂದ ಪುಕ್ಕಟೆಯಾಗಿ ಹೋಗುತ್ತಿತ್ತು. ಮೋಸ ಯಾರೂ ಮಾಡಿರಲಿಲ್ಲ. ತಪ್ಪು ನನ್ನದೇ.

ನನಗೆ ಹೆಚ್ಚು ನಾಚಿಕೆ ಎನಿಸಿದ್ದು ಬೇರೆ ಕಾರಣಕ್ಕೆ. ಈ ಲೆಕ್ಕವನ್ನು ನಾನು ಇದೇ ಶಾಲೆಯಲ್ಲಿ ಕಲಿತಿದ್ದೆ. ಎಂಟನೇ ತರಗತಿಯಲ್ಲಿದ್ದಾಗ ನಮ್ಮ ಗಣಿತದ ಮೇಷ್ಟ್ರು ತೆಂಗಿನ ನಾರಿನ ಹಗ್ಗವನ್ನು ಮೂವತ್ತಮೂರು ಅಡಿಗೆ ಕತ್ತರಿಸಿ, ಮೈದಾನದಲ್ಲಿ ನಾಲ್ಕು ಗೂಟ ಹೊಡೆಸಿ, ಚೌಕ ಮಾಡಿಸಿ, ಇಡೀ ತರಗತಿಯನ್ನು ಅದರೊಳಗೆ ನಿಲ್ಲಿಸಿದ್ದರು. "ಇದು ಒಂದು ಗುಂಟೆ. ಇಂಥವು ನಲವತ್ತು ಸೇರಿದ್ರೆ ಎಕರೆ. ನೂರಲ್ಲ, ನಲವತ್ತು, ಜ್ಞಾಪಕ ಇಟ್ಕೊಳ್ಳಿ" ಎಂದಿದ್ದರು. ಜ್ಞಾಪಕ ಇತ್ತು. ಕಂಪ್ಯೂಟರಿನ ಮುಂದೆ ಕೂತಾಗ ಮರೆತುಹೋಯಿತು. ಆ ಮೇಲೆ, ಈ ಎಕರೆ, ಗುಂಟೆ, ಅಡಿ, ಮೀಟರುಗಳು ನಮ್ಮ ಕಾಗದಪತ್ರಗಳಲ್ಲಿ ಹೀಗೆ ಕಲಸಿಕೊಂಡದ್ದು ಹೇಗೆ ಎಂದು ಹುಡುಕುತ್ತಾ ಹೋದೆ. ತಿಳಿದಷ್ಟನ್ನು ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಬೀಜದಿಂದ ಸರಪಳಿಗೆ

ನಮ್ಮ ಹಿರಿಯರು ನೆಲವನ್ನು ಉದ್ದ ಅಗಲಗಳಿಂದ ಮಾತ್ರ ಅಳೆಯುತ್ತಿರಲಿಲ್ಲ. ಕನ್ನಡದ ಹಳೆಯ ಶಾಸನಗಳಲ್ಲಿ ದಾನ ಕೊಟ್ಟ ಭೂಮಿಯನ್ನು ಮತ್ತರು, ಕಮ್ಮ ಎಂದು ಹೇಳಿರುವುದುಂಟು, ಖಂಡುಗ, ಕೊಳಗಗಳಲ್ಲಿ ಹೇಳಿರುವುದೂ ಉಂಟು. ಖಂಡುಗ, ಕೊಳಗಗಳು ಮೂಲತಃ ಧಾನ್ಯದ ಅಳತೆಗಳು. ಇಪ್ಪತ್ತು ಕೊಳಗ ಸೇರಿದರೆ ಒಂದು ಖಂಡುಗ. ಒಂದು ಕೊಳಗ ಬೀಜ ಹಿಡಿಯುವಷ್ಟು ನೆಲವೇ ಒಂದು ಕೊಳಗದ ನೆಲ. ಇದನ್ನು ಬೀಜವರಿ ಎನ್ನುತ್ತಿದ್ದರು. ಉತ್ತರ ಕರ್ನಾಟಕದ ಕಡೆ ಬಿತ್ತುವ ಕೂರಿಗೆಯೇ ನೆಲದ ಅಳತೆಯ ಹೆಸರೂ ಆಯಿತು. ನಮ್ಮ ಊರಿನ ಕೆರೆಯ ಕೆಳಗೆ ಇಂದಿಗೂ "ಐದು ಕೊಳಗದ ಗದ್ದೆ" ಎಂದು ಕರೆಯುವ ಜಾಗವಿದೆಯಲ್ಲ, ಅದು ಆ ಕಾಲದ ಗುರುತು.

ಈ ಅಳತೆ ದಡ್ಡತನದ್ದಲ್ಲ. ರೈತನಿಗೆ ಬೇಕಾದದ್ದು ಎಷ್ಟು ಬೀಜ ಬೇಕು, ಎಷ್ಟು ಬೆಳೆ ಬರುತ್ತದೆ ಎಂಬ ಅಂದಾಜು. ಅದನ್ನು ಬೀಜವರಿ ನೇರವಾಗಿ ಹೇಳುತ್ತಿತ್ತು. ಆದರೆ ಗದ್ದೆಯ ಖಂಡುಗ ಬೇರೆ, ಹೊಲದ ಖಂಡುಗ ಬೇರೆ. ಊರಿಂದೂರಿಗೂ ಕೊಳಗದ ಗಾತ್ರ ಬೇರೆ. ಕಂದಾಯ ವಸೂಲಿ ಮಾಡುವವರಿಗೆ ಇದು ತಲೆನೋವಾಯಿತು. ಎಲ್ಲ ಊರಿಗೂ ಒಂದೇ ಅಳತೆ ಬೇಕೆಂದು ಮೊದಲು ಒತ್ತಾಯ ಹಿಡಿದದ್ದು ಸರ್ಕಾರದ ಖಜಾನೆ.

ಆ ಅಳತೆ ಬಂದದ್ದು ಇಂಗ್ಲೆಂಡಿನಿಂದ. ಎಡ್ಮಂಡ್ ಗಂಟರ್ ಎಂಬ ಪಾದ್ರಿ 1620ರಲ್ಲಿ ಒಂದು ಸರಪಳಿಯನ್ನು ಬಳಕೆಗೆ ತಂದ. ಆತ ಗಣಿತಜ್ಞನೂ ಹೌದು. ಸರಪಳಿಯ ಉದ್ದ 66 ಅಡಿ, ಕೊಂಡಿಗಳು ನೂರು. ಎಕರೆ ಎಂಬುದು ಅದಕ್ಕೂ ಹಳೆಯದು. ಒಂದು ಜೊತೆ ಎತ್ತು ಒಂದು ದಿನದಲ್ಲಿ ಉಳುವಷ್ಟು ನೆಲ ಎಂಬ ಅಂದಾಜಿನಿಂದ ಹುಟ್ಟಿದ್ದು. ಗಂಟರನ ಜಾಣತನ ಇದ್ದದ್ದು ಇಲ್ಲಿ: ಒಂದು ಸರಪಳಿ ಅಗಲ, ಹತ್ತು ಸರಪಳಿ ಉದ್ದದ ನೆಲ ಸರಿಯಾಗಿ ಒಂದು ಎಕರೆ. ಕೊಂಡಿ ಎಣಿಸಿ ಗುಣಿಸಿ, ಸೊನ್ನೆಗಳನ್ನು ಸರಿಸಿದರೆ ಎಕರೆ ಸಿಗುತ್ತದೆ. ಅಡಿ, ಗಜಗಳ ಗೋಜಲಿನ ನಡುವೆ ದಶಮಾನದ ಅನುಕೂಲವನ್ನು ಆತ ತಂದಿದ್ದ. ನಮ್ಮ ಹುಡುಗರಿಗೆ ಈ ಸರಪಳಿ ಅಪರಿಚಿತವೇನಲ್ಲ. ಕ್ರಿಕೆಟ್ ಪಿಚ್ಚಿನ ಉದ್ದ 22 ಗಜ, ಅಂದರೆ 66 ಅಡಿ. ಗಂಟರನ ಒಂದು ಸರಪಳಿ.

ಬೊಂಬಾಯಿ ಪ್ರಾಂತ್ಯದಲ್ಲಿ 1830ರ ದಶಕದಿಂದ ಗೋಲ್ಡ್‌ಸ್ಮಿಡ್ ಮತ್ತು ಜಾರ್ಜ್ ವಿಂಗೇಟ್ ಎಂಬ ಅಧಿಕಾರಿಗಳು ಹೊಸ ಮಾದರಿಯ ಕಂದಾಯ ಸರ್ವೆ ನಡೆಸಿದರು. ಅಲ್ಲಿ ಬಳಕೆಗೆ ಬಂದದ್ದು 33 ಅಡಿಯ ಸರಪಳಿ, ಗಂಟರನ ಸರಪಳಿಯ ಅರ್ಧ. ಅದನ್ನು ರೂಪಾಯಿಯಂತೆ ಹದಿನಾರು ಆಣೆಗಳಾಗಿ ಭಾಗಿಸಿದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವೇ ಗುಂಟೆ: 33 ಅಡಿಗೆ 33 ಅಡಿ, 1,089 ಚದರ ಅಡಿ. ನಲವತ್ತು ಗುಂಟೆಗೆ ಒಂದು ಎಕರೆ, 43,560 ಚದರ ಅಡಿ. ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದಾಗ, 1863ರಲ್ಲಿ, ಬೊಂಬಾಯಿಯ ಮಾದರಿಯಲ್ಲೇ ಇಲ್ಲಿಯೂ ಕಂದಾಯ ಸರ್ವೆ ಇಲಾಖೆ ಆರಂಭವಾಯಿತು. ಗುಂಟೆ ನಮ್ಮ ದಾಖಲೆಗಳಲ್ಲಿ ಬೇರೂರಿದ್ದು ಆ ಹಾದಿಯಲ್ಲಿ.

ಅಚ್ಚ ನಾಡಿನ ಅಳತೆ ಎಂದು ನಾನು ತಿಳಿದಿದ್ದ ಗುಂಟೆ, ಇಂಗ್ಲೆಂಡಿನ ಸರಪಳಿಯನ್ನು ನಡುವೆ ಮಡಿಸಿ ಮಾಡಿದ್ದು ಎಂದು ತಿಳಿದಾಗ ಅಚ್ಚರಿಯಾಯಿತು. ಆ ಲೆಕ್ಕವನ್ನು ನಮ್ಮ ಅವ್ವಂದಿರು ಬಾಯಿಪಾಠ ಮಾಡಿಕೊಂಡು ತಮ್ಮದಾಗಿಸಿಕೊಂಡಿದ್ದಾರೆ.

ಒಂದೇ ರಾಜ್ಯ, ಎರಡು ಲೆಕ್ಕ

ಮದ್ರಾಸ್ ಪ್ರಾಂತ್ಯದಲ್ಲಿ ಇದೇ ಎಕರೆಯನ್ನು ಬೇರೆ ರೀತಿ ಭಾಗಿಸಿದರು. ಅಲ್ಲಿ ಎಕರೆಗೆ ನೂರು ಸೆಂಟ್ಸ್. ಒಂದು ಸೆಂಟ್ಸ್ ಅಂದರೆ 435.6 ಚದರ ಅಡಿ. ಎರಡೂವರೆ ಸೆಂಟ್ಸ್ ಸೇರಿದರೆ ನಮ್ಮ ಒಂದು ಗುಂಟೆ. ದಕ್ಷಿಣ ಕನ್ನಡ ಆಗ ಮದ್ರಾಸಿಗೆ ಸೇರಿತ್ತು. 1956ರ ನವೆಂಬರ್ 1ರಂದು ಮೈಸೂರು, ಬೊಂಬಾಯಿ, ಮದ್ರಾಸ್, ಹೈದರಾಬಾದ್ ಮತ್ತು ಕೊಡಗಿನಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರು ಒಂದಾದರು. ಅಳತೆಗಳು ಮಾತ್ರ ಒಂದಾಗಲಿಲ್ಲ. ಮಂಗಳೂರಿನ ಕಡೆ ಇಂದಿಗೂ ಸೆಂಟ್ಸ್, ನಮ್ಮ ಕಡೆ ಗುಂಟೆ.

ಇದರ ಪರಿಣಾಮ ನೋಡಿ. ಮಂಗಳೂರಿನಲ್ಲಿ 2.20 ಎಂದು ಬರೆದರೆ ಅದು ಎರಡು ಎಕರೆ ಇಪ್ಪತ್ತು ಸೆಂಟ್ಸ್, ಗುಂಟೆಯಲ್ಲಿ ಹೇಳಿದರೆ 88. ನಮ್ಮ ತಾಲ್ಲೂಕಿನಲ್ಲಿ ಅದೇ 2.20 ಎಂದರೆ 100 ಗುಂಟೆ. ಅಂಕಿ ಒಂದೇ, ನೆಲ ಹನ್ನೆರಡು ಗುಂಟೆ ಹೆಚ್ಚು ಕಡಿಮೆ. ನಾನು ಜಾಲತಾಣದಲ್ಲಿ ತುಂಬಿದ ಲೆಕ್ಕ ಮಂಗಳೂರಿನವರಿಗೆ ಸರಿಯಾಗಿಯೇ ಇರುತ್ತಿತ್ತು, ನಮ್ಮ ಹೊಲಕ್ಕೆ ತಪ್ಪಾಯಿತು.

ಮೀಟರು ಬಂದಾಗ

ಈಗ ಮೀಟರಿನ ಸಂಗತಿ. 1789ರಲ್ಲಿ ಫ್ರಾನ್ಸಿನ ಜನ ತಮ್ಮ ಅರಸನಿಗೆ ಬರೆದುಕೊಟ್ಟ ದೂರುಗಳಲ್ಲಿ, ಒಡೆಯರು ತಮಗೆ ಬೇಕಾದಂತೆ ಅಳತೆ ಬದಲಿಸುತ್ತಾರೆ ಎಂಬುದೂ ಒಂದು. ಕ್ರಾಂತಿಯ ನಂತರ 1795ರಲ್ಲಿ ಅಲ್ಲಿ ಮೀಟರು ಕಾನೂನಾಯಿತು. ಉತ್ತರ ಧ್ರುವದಿಂದ ಸಮಭಾಜಕ ವೃತ್ತದವರೆಗಿನ ದೂರದ ಕೋಟಿಯಲ್ಲೊಂದು ಪಾಲು ಒಂದು ಮೀಟರು ಎಂದು ಗೊತ್ತುಮಾಡಿದರು. ಯಾವ ಒಡೆಯನ ತೋಳಿಗೂ ಕಾಲಿಗೂ ಸಂಬಂಧವಿಲ್ಲದ ಅಳತೆ ಬೇಕೆಂಬುದು ಅದರ ಹಿಂದಿನ ಉದ್ದೇಶ.

ನಮ್ಮ ದೇಶದಲ್ಲಿ ತೂಕ ಮತ್ತು ಅಳತೆಗಳ ಮಾನಕ ಕಾಯ್ದೆ ಬಂದದ್ದು 1956ರ ಡಿಸೆಂಬರ್ 28ರಂದು, ಕನ್ನಡ ನಾಡು ಒಂದಾದ ಎರಡು ತಿಂಗಳೊಳಗೆ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ಹದಿನಾರಾಣೆ ಹೋಗಿ ನೂರು ನಯಾಪೈಸೆ ಬಂತು. 1958ರ ಅಕ್ಟೋಬರಿನಿಂದ ಹಂತ ಹಂತವಾಗಿ ಕಿಲೋಗ್ರಾಂ, ಲೀಟರು, ಮೀಟರುಗಳು ಬಳಕೆಗೆ ಬಂದವು. ಮಣ, ಸೇರುಗಳು ಅಂಗಡಿ ಬಿಟ್ಟವು. ಪಾವು ಮಾತ್ರ ಅಕ್ಕಿ ಡಬ್ಬದಲ್ಲಿ ಉಳಿದುಕೊಂಡಿತು.

ಅಂಗಡಿಯಲ್ಲಿ ಗೆದ್ದ ಮೀಟರು ಹೊಲದಲ್ಲಿ ಯಾಕೆ ಗೆಲ್ಲಲಿಲ್ಲ? ನನಗೆ ತೋರಿದ ಉತ್ತರ ಇದು. ಅಂಗಡಿಯವನ ಹಳೆಯ ತೂಕದ ಬಟ್ಟುಗಳನ್ನು ತೆಗೆಸಿ ಮುದ್ರೆಯೊತ್ತಿದ ಹೊಸ ಬಟ್ಟು ಕೊಟ್ಟರೆ ಮುಗಿಯಿತು. ನಿನ್ನೆ ಸೇರಿನಲ್ಲಿ ಕೊಂಡ ಬೇಳೆ ಇಂದಿನ ಸಾರಿಗೆ ಖರ್ಚಾಗಿಹೋಗಿರುತ್ತದೆ. ನೆಲ ಹಾಗೆ ಖರ್ಚಾಗುವುದಿಲ್ಲ. ಒಂದು ಕ್ರಯಪತ್ರದ ಷೆಡ್ಯೂಲು, ಚಕ್ಕುಬಂದಿ ಅದಕ್ಕೂ ಹಿಂದಿನ ಪತ್ರದಿಂದ ನಕಲಾಗಿರುತ್ತದೆ. ಆ ಪತ್ರ ಅದರ ಹಿಂದಿನ ಪತ್ರದಿಂದ. ಎಲ್ಲದರ ಬುಡದಲ್ಲಿ ಸರ್ವೆ ಟಿಪ್ಪಣಿ, ಆಕಾರಬಂದು ಇರುತ್ತವೆ. ಅವುಗಳ ಲೆಕ್ಕ ಎಕರೆ, ಗುಂಟೆ, ಆಣೆಗಳಲ್ಲಿ. ಜೇಬಿನಿಂದ 1957ರಲ್ಲಿ ಹೊರಟುಹೋದ ಆಣೆ, ಗುಂಟೆಯ ಹದಿನಾರನೇ ಒಂದು ಪಾಲಾಗಿ ಭೂದಾಖಲೆಯಲ್ಲಿ ಇನ್ನೂ ಉಳಿದಿದೆ. ನಾನು ದುಡಿಯುವ ಕ್ಷೇತ್ರದಲ್ಲೂ ಇದೇ ಕಷ್ಟ. ಹೊಸ ತಂತ್ರಾಂಶ ಬರೆಯುವುದು ಸುಲಭ, ಹಳೆಯ ಮಾಹಿತಿಯನ್ನು ಅರ್ಥ ಕೆಡದಂತೆ ಅದಕ್ಕೆ ದಾಟಿಸುವುದು ಕಷ್ಟ. ಕರ್ನಾಟಕದ ಭೂಮಿ ಯೋಜನೆ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ತಂದು ದೇಶಕ್ಕೇ ಮಾದರಿಯಾಯಿತು. ಆಗಲೂ ಎಕರೆ, ಗುಂಟೆಗಳನ್ನು ಹಾಗೆಯೇ ಉಳಿಸಿಕೊಂಡಿತು.

ನೆರೆಯ ಮಹಾರಾಷ್ಟ್ರದಲ್ಲಿ ರೈತರ ಭೂದಾಖಲೆಯಾದ ಸಾತ್-ಬಾರಾ ಉತಾರದಲ್ಲಿ ವಿಸ್ತೀರ್ಣವನ್ನು ಹೆಕ್ಟೇರ್ ಮತ್ತು ಆರ್‌ಗಳಲ್ಲಿ ಬರೆಯುತ್ತಾರೆ. ಒಂದು ಆರ್ ಅಂದರೆ 100 ಚದರ ಮೀಟರು, ನೂರು ಆರ್ ಸೇರಿದರೆ ಹೆಕ್ಟೇರು. ನಮ್ಮ ಗುಂಟೆ 101.17 ಚದರ ಮೀಟರು. ಎರಡೂ ಹೆಚ್ಚು ಕಡಿಮೆ ಒಂದೇ. ಹೀಗಾಗಿ ನೂರು ಗುಂಟೆಯ ನಮ್ಮ ಮೇಲುಹೊಲ ಒಂದು ಹೆಕ್ಟೇರಿಗಿಂತ ಒಂದು ಗುಂಟೆಯಷ್ಟು ದೊಡ್ಡದು. ಅಂದಾಜಿಗೆ ಈ ಹೋಲಿಕೆ ಅನುಕೂಲ. ಆದರೆ ಕ್ರಯಪತ್ರಕ್ಕೆ ಅಂದಾಜು ಸಾಲದು.

ನಿವೇಶನದ ಫಲಕದಲ್ಲಿ

ಹೊಲ ಬಿಟ್ಟು ನಿವೇಶನಕ್ಕೆ ಬಂದರೆ ಗೋಜಲು ಇನ್ನೊಂದು ಬಗೆಯದು. ನಮ್ಮ ಊರಿಂದ ಪೇಟೆಗೆ ಹೋಗುವ ದಾರಿಯಲ್ಲಿ ನಿಂತಿರುವ ಬಡಾವಣೆಯ ಫಲಕಗಳಲ್ಲಿ 30×40, 40×60 ಎಂದೇ ಇರುತ್ತದೆ. ಅಡಿ ಎಂದು ಬರೆಯುವುದೂ ಇಲ್ಲ, ಎಲ್ಲರಿಗೂ ಗೊತ್ತೆಂಬ ನಂಬಿಕೆ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ, ಸರಕು ಸೇವೆಗಳ ದರ ಹೇಳುವಾಗ, ಜಾಹೀರಾತು ಕೊಡುವಾಗ ಮಾನಕ ಅಳತೆಗಳನ್ನೇ ಬಳಸಬೇಕು ಎನ್ನುತ್ತದೆ. ಮಾನಕ ಎಂದರೆ ಮೆಟ್ರಿಕ್. ಆದರೂ ನಿವೇಶನದ ಮಾತು ಅಡಿಯಲ್ಲೇ ನಡೆಯುತ್ತದೆ.

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಈಚಿನ ಬಡಾವಣೆಗಳಲ್ಲಿ ನಿವೇಶನಗಳು ಮೀಟರಿನಲ್ಲಿವೆ: 6×9, 9×12, 12×18, 15×24. ಜನ ಇವನ್ನು 20×30, 30×40, 40×60, 50×80 ಎಂದೇ ಕರೆಯುತ್ತಾರೆ. ಆದರೆ 9 ಮೀಟರು ಅಂದರೆ ಇಪ್ಪತ್ತೊಂಬತ್ತೂವರೆ ಅಡಿ ಮಾತ್ರ. 9×12 ಮೀಟರಿನ ನಿವೇಶನ 108 ಚದರ ಮೀಟರು, ಅಂದರೆ 1,162.5 ಚದರ ಅಡಿ. ನಿಜವಾದ 30×40 ಅಡಿಯ ನಿವೇಶನ 1,200 ಚದರ ಅಡಿ. ವ್ಯತ್ಯಾಸ ಮೂವತ್ತೇಳೂವರೆ ಚದರ ಅಡಿ. 12×18ರಲ್ಲಿ ವ್ಯತ್ಯಾಸ 75 ಚದರ ಅಡಿ, 15×24ರಲ್ಲಿ 125. ಪ್ರಾಧಿಕಾರ ಹೇಳಿದ ಅಳತೆ ಸರಿಯಾಗಿಯೇ ಇದೆ. ಮುಂದೆ ಅದನ್ನು ಮಾರುವವರು "ಥರ್ಟಿ ಫಾರ್ಟಿ" ಎಂದು ಬಾಯಲ್ಲಿ ಹೇಳಿ, ಚದರ ಅಡಿಯ ದರವನ್ನು 1,200ರಿಂದ ಗುಣಿಸಿದರೆ, ಇಲ್ಲದ ನೆಲಕ್ಕೆ ಕೊಳ್ಳುವವರು ದುಡ್ಡು ಕೊಟ್ಟಂತಾಗುತ್ತದೆ.

ಮನೆ ಕಟ್ಟುವ ಮೇಸ್ತ್ರಿಯ ಭಾಷೆಯಲ್ಲಿ 'ಚದರ' ಎಂಬುದು ಮತ್ತೂ ಒಂದು ಅಳತೆ. "ಹನ್ನೆರಡು ಚದರದ ಮನೆ" ಎಂದರೆ 1,200 ಚದರ ಅಡಿಯ ಮನೆ, ಒಂದು ಚದರಕ್ಕೆ ನೂರು ಚದರ ಅಡಿ. ಪಟ್ಟಣದ ಫ್ಲ್ಯಾಟುಗಳಲ್ಲಿ 1,200 ಚದರ ಅಡಿ ಎಂದರೆ ಮೆಟ್ಟಿಲು, ಲಿಫ್ಟು, ಮೊಗಸಾಲೆಗಳ ಪಾಲೂ ಸೇರಿರಬಹುದು. ಇದಕ್ಕಾಗಿಯೇ 2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ರೇರಾ, ಕಾರ್ಪೆಟ್ ಏರಿಯಾ ಎಂದರೇನೆಂದು ಬಿಡಿಸಿ ಹೇಳಿತು: ಹೊರಗೋಡೆ, ಬಾಲ್ಕನಿಗಳನ್ನು ಬಿಟ್ಟು, ಒಳಗಿನ ಅಡ್ಡಗೋಡೆಗಳನ್ನು ಸೇರಿಸಿ, ಮನೆಯೊಳಗೆ ನಿಜಕ್ಕೂ ಬಳಸಲು ಸಿಗುವ ಜಾಗ. ಅಡಿಯೋ ಮೀಟರೋ ಎಂದು ಕೇಳಿದರಷ್ಟೇ ಸಾಲದು, ಯಾವುದನ್ನು ಅಳೆದದ್ದು ಎಂದೂ ಕೇಳಬೇಕು.

ಊರಿನವರಲ್ಲಿ ಒಂದು ಅರಿಕೆ

ಎಲ್ಲರೂ ನಾಳೆಯಿಂದಲೇ ಮೀಟರಿಗೆ ಬದಲಾಗಿ ಎಂದು ನಾನು ಹೇಳಲಾರೆ. ಗುಂಟೆಯೂ ಒಂದು ಕಾಲಕ್ಕೆ ಹೊಸದಾಗಿತ್ತು. ಕೊಳಗದ ಲೆಕ್ಕ ಬಲ್ಲ ನಮ್ಮ ಮುತ್ತಜ್ಜಂದಿರು ಅದನ್ನು ಕಲಿಯಬೇಕಾಯಿತು. ನಮ್ಮ ಮೊಮ್ಮಕ್ಕಳು ಚದರ ಮೀಟರಿನಲ್ಲೇ ಯೋಚಿಸಬಹುದು. ಅಳತೆ ಯಾವುದಾದರೂ ನೆಲ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ನಷ್ಟವಾಗುವುದು ಒಂದು ಅಳತೆಯಿಂದ ಇನ್ನೊಂದಕ್ಕೆ ದಾಟುವಾಗ. ಆಗ ಕಳೆದುಕೊಳ್ಳುವವನು ಎರಡನೆಯ ಲೆಕ್ಕ ಬಾರದವನು.

ಆದ್ದರಿಂದ ಜಮೀನು, ನಿವೇಶನ ಮಾರುವ ಕೊಳ್ಳುವ ನಮ್ಮವರು ನಾಲ್ಕು ವಿಷಯ ನೆನಪಿಡಬೇಕೆಂದು ಕೇಳಿಕೊಳ್ಳುತ್ತೇನೆ. ವಿಸ್ತೀರ್ಣವನ್ನು ಬರೀ 2.20 ಎಂದು ಬರೆಯದೆ "ಎರಡು ಎಕರೆ ಇಪ್ಪತ್ತು ಗುಂಟೆ" ಎಂದು ಅಕ್ಷರದಲ್ಲೂ ಬರೆಸಿ. ಒಟ್ಟು ವಿಸ್ತೀರ್ಣದ ಜೊತೆಗೆ ನಾಲ್ಕೂ ಬದಿಯ ಉದ್ದವನ್ನು ಅಡಿಯಲ್ಲೂ ಮೀಟರಿನಲ್ಲೂ ನಮೂದಿಸಿ. ಚದರ ಮೀಟರನ್ನು ಚದರ ಅಡಿಗೆ ತಿರುಗಿಸಲು 10.764ರಿಂದ ಗುಣಿಸಬೇಕು. 'ಹತ್ತೂ ಚಿಲ್ಲರೆ' ಎಂದು ತೇಲಿಸಬೇಡಿ. ಪಹಣಿಯಲ್ಲಿ ಖರಾಬು ಇದ್ದರೆ ಹೇಳಿದ ವಿಸ್ತೀರ್ಣ ಅದನ್ನು ಸೇರಿಸಿಯೋ ಕಳೆದೋ ಎಂದು ಕೇಳಿ, ಅನುಮಾನವಿದ್ದರೆ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸಿ.

ಶಾಲೆಗೂ ಒಂದು ಕೋರಿಕೆ ಇದೆ. ನಮ್ಮ ಮೈದಾನದಲ್ಲಿ ಎರಡೂ ಅಳತೆಗಳು ಆಗಲೇ ಇವೆ. ಮಕ್ಕಳು ಆಡುವ ವಾಲಿಬಾಲ್ ಅಂಗಳ ಮೀಟರಿನದು, 18ಕ್ಕೆ 9. ಕ್ರಿಕೆಟ್ ಪಿಚ್ಚು ಗಜದ್ದು. ಅವುಗಳ ಪಕ್ಕ ಬೇಲಿಯ ಮೂಲೆಯಲ್ಲಿ, ಮೇಷ್ಟ್ರು ಅಂದು ಗೂಟ ಹೊಡೆಸಿದ ಜಾಗದಲ್ಲೇ, ನಾಲ್ಕು ಕಲ್ಲು ನೆಟ್ಟು ಒಂದು ಗುಂಟೆಯನ್ನು ಗುರುತು ಮಾಡಬೇಕು. ಕಲ್ಲಿನ ಮೇಲೆ 33 ಅಡಿ, 10.06 ಮೀಟರು ಎಂದು ಎರಡನ್ನೂ ಕೆತ್ತಿಸಬೇಕು. ಕಲ್ಲಿನ ಖರ್ಚನ್ನು ನಮ್ಮ ಬ್ಯಾಚಿನವರು ವಹಿಸಿಕೊಳ್ಳಲು ಒಪ್ಪಿದ್ದೇವೆ. ಪ್ರತಿ ವರ್ಷ ಎಂಟನೇ ತರಗತಿಯ ಮಕ್ಕಳನ್ನು ಅದರೊಳಗೆ ಒಮ್ಮೆ ನಿಲ್ಲಿಸಿದರೆ ಸಾಕು.

ಮೇಲುಹೊಲದ ಕ್ರಯ ನೂರು ಗುಂಟೆಗೇ ಆಯಿತು, ಸಾಲವೂ ತೀರಿತು. ಉಪನೋಂದಣಿ ಕಚೇರಿಯಲ್ಲಿ ಸಹಿ ಹಾಕುವ ಮೊದಲು ಅವ್ವ ವಿಸ್ತೀರ್ಣದ ಸಾಲನ್ನು ನನ್ನಿಂದ ಎರಡು ಸಲ ಓದಿಸಿ ಕೇಳಿಸಿಕೊಂಡಳು.